ದೇವದೂತರ ಬಗ್ಗೆ ಅಪ್ಪನ ಎರಡು ಪತ್ರಗಳು

ರೆಕ್ಕೆ ಕಟ್ಟಿಕೊಂಡ ದೇವದೂತರನ್ನು ಕಂಡರೆ ನನಗೆ ಸುಸ್ತಾಗುತ್ತದೆ. ಡಿಸೆಂಬರ್ ಬಂತೆಂದರೆ ಮೊಬೈಲಿನಲ್ಲಿ, ಮಾಲಿನ ಬಾಗಿಲಲ್ಲಿ, ಕೇಕಿನ ಡಬ್ಬಿಯ ಮೇಲೆ, ಎಲ್ಲಿ ನೋಡಿದರೂ ಅವರೇ. ಗುಂಡುಗುಂಡಗೆ ಕೆನ್ನೆ, ತಲೆಯ ಮೇಲೊಂದು ಬೆಳಕಿನ ಬಳೆ, ಬೆನ್ನಿಗೆ ಬಿಳಿ ರೆಕ್ಕೆ. ಸಿಟ್ಟು ಬರುತ್ತದೆ ಎಂದುಕೊಳ್ಳಬೇಡಿ. ಸಿಟ್ಟು ಮಾಡುವ ಶಕ್ತಿ ನಮ್ಮ ಮನೆಯಲ್ಲಿ ಅಪ್ಪನಿಗಿತ್ತು, ನನಗಿಲ್ಲ. ನಲವತ್ತು ದಾಟಿದ ಮೇಲೆ ಒಂದೊಂದೇ ಜಗಳವನ್ನು ಕೈಬಿಡುತ್ತ ಬಂದಿದ್ದೇನೆ. ಈ ಒಂದನ್ನು ಮಾತ್ರ ಬಿಡಲೂ ಆಗಿಲ್ಲ, ಆಡಲೂ ಆಗಿಲ್ಲ. ಯಾಕೆಂದು ಹೇಳಬೇಕಾದರೆ ಸಿಕಂದರಾಬಾದಿನ ಹತ್ತಿರದ ಉಪ್ಪಲ್‌ನ ನಮ್ಮ ಆ ಎರಡು ಕೋಣೆಗಳ ಮನೆಗೆ ಮತ್ತೆ ಹೋಗಬೇಕು. ಹೋಗುವುದು ಅಷ್ಟೇನೂ ಇಷ್ಟವಿಲ್ಲ, ಆದರೂ ಹೋಗುತ್ತೇನೆ.

ಎರಡು ಕೋಣೆ ಎಂದರೆ ಲೆಕ್ಕಕ್ಕೆ ಎರಡು. ಮುಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಟೀವಿ, ಬೈಬಲಿನ ವಾಕ್ಯ ಬರೆದ ಗೋಡೆಯ ಹಲಗೆಗಳು. ಹಿಂದಿನದು ಅಡುಗೆಮನೆ, ರಾತ್ರಿ ಅದೇ ನನಗೂ ಅಕ್ಕನಿಗೂ ಮಲಗುವ ಮನೆ. ಮುಂದೆ ಒಂದು ಸಣ್ಣ ವರಾಂಡ. ಅಪ್ಪ ಯಾದಗಿರಿ ಕಡೆಯಿಂದ ಬಂದು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಕಾರ್ಖಾನೆ ಮುಚ್ಚಿತು. ಊರಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ನಮ್ಮ ಯಾದಗಿರಿ ಕಡೆಯಿಂದ ಗುಳೆ ಬಂದ ಮಂದಿ ಆ ಕಟ್ಟಡಗಳಿಗೆ ಸಿಮೆಂಟು ಹೊರುತ್ತಿದ್ದರು, ನಮ್ಮ ಓಣಿಯ ಹುಡುಗರು ಅದರೊಳಗೆ ಕೂರಲೆಂದು ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿದ್ದರು. ಅಪ್ಪ ಎರಡರಲ್ಲೂ ಇರಲಿಲ್ಲ. ಐವತ್ತಕ್ಕೆ ಸ್ವಲ್ಪ ಕಡಿಮೆ ವಯಸ್ಸಿಗೆ ಮನೆಯಲ್ಲಿ ಕೂತ. ಕೈಗೆ ಕೆಲಸವಿಲ್ಲದ ಮನುಷ್ಯ ಒಂದು ಸಣ್ಣ ಮನೆಯಲ್ಲಿ ಎಷ್ಟು ಜಾಗ ತುಂಬುತ್ತಾನೆ ಎನ್ನುವುದು ಅವ್ವನಿಗೆ ಆಗ ಗೊತ್ತಾಯಿತು.

ಅಪ್ಪನಿಗೆ ಇನ್ನೊಂದು ಕೆಲಸವಿತ್ತು, ಸಂಬಳವಿಲ್ಲದ್ದು. ಸಿಕಂದರಾಬಾದಿನ ಒಂದು ಹಳೆಯ ಚರ್ಚಿನಲ್ಲಿ ಬೆಳಿಗ್ಗೆ ಇಂಗ್ಲಿಷ್ ಆರಾಧನೆ, ಆಮೇಲೆ ತೆಲುಗು ಆರಾಧನೆ, ಅವೆರಡೂ ಮುಗಿದ ಮೇಲೆ ಮಧ್ಯಾಹ್ನ ಎರಡೂವರೆಗೆ ನಮ್ಮ ಕನ್ನಡ ಸಭೆ. ಊಟ ಮಾಡಿ ಎರಡು ಬಸ್ಸು ಬದಲಿಸಿ ಬಂದ ಐವತ್ತು ಅರವತ್ತು ಮಂದಿ ತೂಕಡಿಸುತ್ತ ಕೂರುವ ಹೊತ್ತು. ತಿಂಗಳಿಗೊಮ್ಮೆ ಪ್ರಸಂಗದ, ಅಂದರೆ ನಿಂತು ಬೋಧನೆ ಮಾಡುವ, ಸರದಿ ಅಪ್ಪನದು. ಉಳಿದ ವಾರಗಳಲ್ಲಿ ಬೇರೆಯವರ ಪ್ರಸಂಗ ಕೇಳುತ್ತ, ತೊಡೆಯ ಮೇಲೆ ಒಂದು ಚೀಟಿಯಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಸೋಮವಾರ ಬೆಳಿಗ್ಗೆ ಆ ಪ್ರಸಂಗ ಮಾಡಿದವರಿಗೆ ಒಂದು ಅಂಚೆ ಕಾರ್ಡು ಹೋಗುತ್ತಿತ್ತು. "ಪ್ರಿಯ ಸಹೋದರರಿಗೆ ವಂದನೆಗಳು. ತಾವು ನಿನ್ನೆ ಹೇಳಿದ ಮಾತಿನಲ್ಲಿ ಕೆಳಗಿನ ಮೂರು ತಪ್ಪುಗಳಿವೆ," ಎಂದು ಅದರ ಶುರು. ಅಪ್ಪನಿಗೆ ಅದು ಜಗಳವಲ್ಲ, ಸೇವೆ. ಫಿಟ್ಟರ್ ಆಗಿದ್ದಾಗ ಬೇರೆಯವರು ಬಿಗಿದ ಬೋಲ್ಟನ್ನೂ ಒಮ್ಮೆ ಮುಟ್ಟಿ ನೋಡುತ್ತಿದ್ದನಂತೆ. ಕಾರ್ಡು ಬಂದವರು ಮುಂದಿನ ಭಾನುವಾರ ಅಪ್ಪನಿಗೆ ಕೈಮುಗಿದು ಬೇರೆ ಬೆಂಚಿನಲ್ಲಿ ಕೂರುತ್ತಿದ್ದರು.

ಕಾರ್ಡು ಬರೆಯಲಾಗದ ಒಬ್ಬನೇ ಒಬ್ಬ ಬೋಧಕ ನಮ್ಮ ಮನೆಯಲ್ಲಿದ್ದ, ಟೀವಿ. ಕೇಬಲ್ಲಿನವನು ಕೊಡುತ್ತಿದ್ದ ಚಾನೆಲ್ಲುಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಧಾರಾವಾಹಿ ಬರುತ್ತಿತ್ತು. ಕಷ್ಟದಲ್ಲಿದ್ದವರ ಮನೆಗೆ ದೇವದೂತೆ ಇಳಿದು ಬರುವುದೇ ಅದರ ಕಥೆ. ಮೊದಲು ಹೊಗೆ, ಆಮೇಲೆ ನೀಲಿ ಬೆಳಕು, ಆಮೇಲೆ ಆಕೆ. ಬಿಳಿ ಗೌನು, ಜರಿ ಹಚ್ಚಿದ ರೆಕ್ಕೆ, ತುಟಿಗೆ ಕೆಂಪು. ಬಂದವಳೇ ಒಂದು ಹಾಡು ಹೇಳುತ್ತಿದ್ದಳು. ಕುಡುಕ ಗಂಡ ಕುಡಿತ ಬಿಡುತ್ತಿದ್ದ, ಅತ್ತೆ ಸೊಸೆಯ ಕಾಲು ಹಿಡಿಯುತ್ತಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ಅಳುತ್ತಿದ್ದಳು. ಅಪ್ಪ ಅದನ್ನು ನೋಡುವುದಿಲ್ಲವೆಂದು ಟೀವಿಗೆ ಬೆನ್ನು ತಿರುಗಿಸಿ ಮಂಚದ ಮೇಲೆ ಕೂರುತ್ತಿದ್ದ. ಎದ್ದು ಹೊರಗೆ ಮಾತ್ರ ಹೋಗುತ್ತಿರಲಿಲ್ಲ. ಗೋಡೆ ನೋಡುತ್ತಲೇ ಎಲ್ಲ ಕೇಳಿಸಿಕೊಂಡು, ಗೋಡೆಗೇ ಉತ್ತರ ಕೊಡುತ್ತಿದ್ದ.

"ದೇವದೂತ ಹೆಣ್ಣಾಗಿ ಬಂದು ಹಾಡು ಹೇಳಿದ್ದು ಎಲ್ಲಿ ಐತಿ? ಒಂದ್ ಕಡಿ ತೋರಿಸು."

"ಎಷ್ಟು ಚಂದ ಅದಾಳ, ಒಮ್ಮೆ ತಿರುಗಿ ನೋಡ್ರಿ. ನಿಮ್ಮ ಕಣ್ಣೇನು ಸವೆಯಂಗಿಲ್ಲ."

"ಚಂದ ಇದ್ರ ಅದು ದೇವದೂತ ಅಲ್ಲ. ಅವರು ಬಂದಾಗೆಲ್ಲ ಮೊದಲ ಮಾತು ಏನ್ ಹೇಳ್ಯಾರ? ಹೆದರಬ್ಯಾಡ ಅಂತ. ಹೆದರಬ್ಯಾಡ ಅಂತ ಯಾರು ಹೇಳ್ತಾರ? ನೋಡಿದ ಕೂಡಲೇ ಎದಿ ಒಡಿಯೋ ಹಂಗ ಇದ್ದೋರು ಹೇಳ್ತಾರ. ಈ ಟೀವಿಯಾಕಿನ್ನ ನೋಡಿ ಯಾರು ಹೆದರ್ತಾರ?"

"ನಾ ಹೆದರ್ತೀನಪ್ಪಾ, ಆಕಿ ಲಿಪ್‌ಸ್ಟಿಕ್ ನೋಡಿ," ಎಂದು ಅಕ್ಕ ವರಾಂಡದಿಂದ ಕೂಗುತ್ತಿದ್ದಳು.

"ಸುಮ್ಕಿರ್ರಿ ಎಲ್ಲಾರೂ," ಎನ್ನುತ್ತಿದ್ದಳು ಅವ್ವ. "ನಮ್ಮನಿಗೆ ಖರೇನ ಒಬ್ಬ ದೇವದೂತ ಬಂದ್ರ ಈ ಮನಷ್ಯಾ ಅವಂಗ ಕುಡಿಯಾಕ ನೀರು ಕೊಡಂಗಿಲ್ಲ. ಬಾಗಲದಾಗ ನಿಲ್ಲಿಸಿ ಮೊದಲ ಪರೀಕ್ಷಾ ತಗೋತಾನ."

ಇದಾದ ಮೇಲೆ ಊಟಕ್ಕೆ ಕೂತಾಗ ಅಪ್ಪ ಪಾಠ ಶುರು ಮಾಡುತ್ತಿದ್ದ. ಭಾನುವಾರದ ಮಟನ್ನು ತಟ್ಟೆಯಲ್ಲಿ ಆರುತ್ತಿದ್ದರೂ ಪಾಠ ಮುಗಿಯುತ್ತಿರಲಿಲ್ಲ. ಬೈಬಲಿನಲ್ಲಿ ಮುದುಕ ಮುದುಕಿಯ ಡೇರೆಗೆ ದಾರಿಹೋಕರಂತೆ ಬಂದ ಮೂವರು ದೇವದೂತರ ಕಥೆ ಅವನಿಗೆ ಬಲು ಇಷ್ಟ. ಅವರ ಕಾಲಿಗೆ ಧೂಳು ಮೆತ್ತಿತ್ತು, ಕಾಲು ತೊಳೆಯಲು ನೀರು ಕೊಟ್ಟರು, ಮರದ ಕೆಳಗೆ ಕೂರಿಸಿ ಹಾಲು, ಮಾಂಸ ಬಡಿಸಿದರು, ಅವರೂ ತಿಂದರು. ರೆಕ್ಕೆ ಇದ್ದಿದ್ದರೆ ಮುದುಕನಿಗೆ ಕಾಣುತ್ತಿರಲಿಲ್ಲವೇ ಎಂದು ಅಪ್ಪನ ಪ್ರಶ್ನೆ. ರೆಕ್ಕೆಯವರೂ ಇದ್ದಾರೆ, ಆದರೆ ಅವರು ದೇವರ ಸಿಂಹಾಸನದ ಹತ್ತಿರ ಇರುವವರು, ಆರಾರು ರೆಕ್ಕೆ, ಎರಡರಿಂದ ಮುಖ ಮುಚ್ಚಿಕೊಂಡಿರುತ್ತಾರೆ, ಯಾರ ಮನೆಗೂ ಬರುವವರಲ್ಲ. ಮನುಷ್ಯ ಸತ್ತು ದೇವದೂತನಾಗುವುದಿಲ್ಲ. ಮನುಷ್ಯನ ಜಾತಿ ಬೇರೆ, ಅವರ ಜಾತಿ ಬೇರೆ. ಹೀಗೆ ಹೇಳುವಾಗ ಅಪ್ಪನ ಮುಖದಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ ಕಾಲದ ಕಳೆ ಬರುತ್ತಿತ್ತು. ನನಗೆ ಆ ಮುಖ ಇಷ್ಟವಿತ್ತು, ಅದಕ್ಕೇ ಕೇಳುತ್ತಿದ್ದೆ. ಅವ್ವ ಮಾತ್ರ ಒಮ್ಮೆ ಸಾರು ಬಡಿಸುತ್ತ, ಸತ್ತ ಮಕ್ಕಳು ದೇವದೂತರಾಗುತ್ತಾರೆ ಅಂದರೆ ಹೆತ್ತವರಿಗೆ ಒಂದು ಸಮಾಧಾನವಾದರೂ ಇರುತ್ತದೆ, ಇರಲಿ ಬಿಡಿ ಅಂದಳು. ಸುಳ್ಳಿನ ಸಮಾಧಾನ ಎಷ್ಟು ದಿನ ಬರುತ್ತದೆ ಎಂದು ಅಪ್ಪ ಕೇಳಿದ. ಬಂದಷ್ಟು ದಿನ ಬರಲಿ ಎಂದಳು ಅವ್ವ.

ಅಕ್ಕನ ಹೆಸರು ಕರುಣಾ, ನಾವಿಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯಳು, ನನಗಿಂತ ಎಂಟು ವರ್ಷ ದೊಡ್ಡವಳು. ಕಾಲೇಜಿಗೆ ಹೋಗುವುದನ್ನು ಅರ್ಧಕ್ಕೆ ಬಿಟ್ಟು, ಚರ್ಚುಗಳಿಗೆ ವಾಕ್ಯದ ಹಲಗೆ ಬರೆದುಕೊಡುತ್ತಿದ್ದಳು. ನಮ್ಮ ಗೋಡೆಯ ಮೇಲಿದ್ದ ಹಲಗೆಗಳೂ ಅವಳವೇ. ಅವಳ ಕೈ ಒಮ್ಮೆ ಗೆರೆ ಎಳೆದರೆ ಮತ್ತೆ ತಿದ್ದುತ್ತಿರಲಿಲ್ಲ. ಒಂದು ದಿನ ಪೇಪರಿನ ಜಾಹೀರಾತು ನೋಡಿ ಹೋದವಳು ಕೆಲಸ ಹಿಡಿದುಕೊಂಡೇ ಬಂದಳು. ಕಾರ್ಟೂನು ಮಾಡುವ ಸ್ಟುಡಿಯೋ. ಹೊರದೇಶದ ಕಂಪನಿಗಳು ಕಥೆ ಕಳಿಸುತ್ತವೆ, ಇಲ್ಲಿ ಚಿತ್ರ ಬರೆದು ಕಳಿಸಬೇಕು. ಬೆಳಿಗ್ಗೆ ಅವಳನ್ನು ಕರೆದೊಯ್ಯಲು ಓಣಿಯ ತುದಿಗೆ ಸ್ಟುಡಿಯೋದ ಬಿಳಿ ಸುಮೋ ಗಾಡಿ ಬರುತ್ತಿತ್ತು. ಶಾಂತಪ್ಪನ ಮಗಳು ಸಾಫ್ಟ್‌ವೇರ್ ಸೇರಿದಳು ಎಂದು ಓಣಿಯವರು ತೀರ್ಮಾನಿಸಿದರು. ಅವ್ವ ಅದನ್ನು ತಿದ್ದಲು ಹೋಗಲಿಲ್ಲ. ಆ ಮನೆಯಲ್ಲಿ ಅಕ್ಕಿ, ಜೋಳ, ನನ್ನ ಇಂಗ್ಲಿಷ್ ಶಾಲೆಯ ಫೀಸು ಎಲ್ಲ ಆಗ ಅಕ್ಕನ ಕೈಯಿಂದಲೇ ಬರುತ್ತಿತ್ತು. ಅಪ್ಪನಿಗೆ ಅದು ಗೊತ್ತಿತ್ತು. ಅವಳು ಮನೆಗೆ ಬಂದ ಕೂಡಲೇ ಎದ್ದು ಮಂಚ ಬಿಟ್ಟುಕೊಡುತ್ತಿದ್ದ.

ಅವಳ ಕೆಲಸವನ್ನು ನನಗೆ ಹೀಗೆ ಹೇಳಿದ್ದಳು. ಹಿರಿಯ ಕಲಾವಿದರು ಮೇಲೆತ್ತಿದ ರೆಕ್ಕೆ ಒಂದು ಬರೆಯುತ್ತಾರೆ, ಕೆಳಗಿಳಿಸಿದ ರೆಕ್ಕೆ ಒಂದು ಬರೆಯುತ್ತಾರೆ. ನಡುವೆ ರೆಕ್ಕೆ ಎಲ್ಲೆಲ್ಲಿ ಇರುತ್ತದೋ ಅದೆಲ್ಲ ಅಕ್ಕನ ಪಾಲು. ಹಾಳೆಯ ಮೇಲೆ ಹಾಳೆ, ಕೆಳಗಿನಿಂದ ಬೆಳಕು. ದಿನವೆಲ್ಲ ರೆಕ್ಕೆ. ಸಂಜೆ ಬಂದರೆ ಕಣ್ಣು ಕೆಂಪಾಗಿರುತ್ತಿತ್ತು, ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ, ಅವ್ವ ಕೊಬ್ಬರಿ ಎಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದಳು. ಆದರೂ ಖುಷಿಯಾಗಿದ್ದಳು. ಅಕ್ಕ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆಂದೂ ನೋಡಲಿಲ್ಲ. ಕೆಟ್ಟುಹೋದ ಹಾಳೆಗಳನ್ನು ಬ್ಯಾಗಿನಲ್ಲಿಟ್ಟು ತರುತ್ತಿದ್ದಳು, ದಪ್ಪ ಒಳ್ಳೆಯ ಕಾಗದ, ಬೆನ್ನಿನ ಕಡೆ ನಾನು ಗಣಿತ ಮಾಡುತ್ತಿದ್ದೆ. ಅಲ್ಲಿಂದ ಒಂದು ಚೂರು ಕಾಗದವೂ ಹೊರಗೆ ಹೋಗಬಾರದೆಂದು ಅವಳಿಂದ ಸಹಿ ಹಾಕಿಸಿಕೊಂಡಿದ್ದರು. ಎಲ್ಲರೂ ತರುತ್ತಾರೆ, ಬಿಡು ಎನ್ನುತ್ತಿದ್ದಳು.

ಒಂದು ಸಂಜೆ ಆ ಹಾಳೆಗಳ ನಡುವೆ ಟೈಪು ಮಾಡಿದ ಎರಡು ಪುಟಗಳಿದ್ದವು. ಅಕ್ಕ ಬರೆಯುತ್ತಿದ್ದ ಕಾರ್ಟೂನಿನ ಕಥೆ. ಮೇಲೆ ಆ ಹೊರದೇಶದ ಕಂಪನಿಯ ಹೆಸರು, ವಿಳಾಸ. ಅದು ಕ್ರೈಸ್ತ ಮಕ್ಕಳಿಗೆ ವಿಡಿಯೋ ಕ್ಯಾಸೆಟ್ಟು ಮಾಡುವ ಕಂಪನಿ. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನನಗೆ ಬರುತ್ತಿತ್ತು, ಬರುತ್ತದೆಂದು ತೋರಿಸುವ ಚಟವೂ ಇತ್ತು. ಯಾರೂ ಕೇಳದಿದ್ದರೂ ಅಪ್ಪನ ಮುಂದೆ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಒಬ್ಬ ಸಣ್ಣ ಹುಡುಗ ಸತ್ತು ಪರಲೋಕಕ್ಕೆ ಹೋಗುತ್ತಾನೆ. ಅಲ್ಲಿ ಅವನು ಮರಿ ದೇವದೂತ, ರೆಕ್ಕೆ ಇನ್ನೂ ಬಂದಿಲ್ಲ. ಭೂಮಿಗಿಳಿದು ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಗರಿ. ಕಂತು ಮುಗಿಯುತ್ತ ಹೋದಂತೆ ಗರಿ ಹೆಚ್ಚುತ್ತವೆ, ಕೊನೆಯ ಕಂತಿನಲ್ಲಿ ರೆಕ್ಕೆ ಪೂರ್ತಿ. ಓದಿ ಮುಗಿಸಿ ಅಪ್ಪನ ಮುಖ ನೋಡಿದೆ. ನಗುತ್ತಾನೆ ಅಥವಾ ಗೋಡೆಗೆ ಬೈಯುತ್ತಾನೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಇದನ್ನ ಮಾಡೋರು ನಮ್ಮ ಮಂದಿನೇನು?"

"ಹೌದಪ್ಪಾ. ಚರ್ಚಿನ ಮಕ್ಕಳಿಗಂತ."

"ಟೀವಿಯೋರಿಗೆ ಗೊತ್ತಿಲ್ಲ, ಬಿಡು. ಇವರಿಗೆ ಗೊತ್ತಿರಬೇಕಲ್ಲ? ಕೃಪಾ ಅನ್ನೋದು ಕೂಲಿ ಅಲ್ಲಲ್ಲವಾ. ಗರಿ ಗಳಿಸೋದು ಅಂದ್ರ ಏನು?"

ಈ ಮಾತು ಅಪ್ಪನ ಬಾಯಲ್ಲಿ ಬರೀ ಶಾಸ್ತ್ರದ್ದಾಗಿರಲಿಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಇಪ್ಪತ್ತು ವರ್ಷ ನೇರವಾಗಿ ದುಡಿದ ಮನುಷ್ಯನನ್ನು ಕಾರ್ಖಾನೆ ಒಂದೇ ದಿನಕ್ಕೆ ಮನೆಗೆ ಕಳಿಸಿತ್ತು. ದುಡಿದದ್ದಕ್ಕೆ ತಕ್ಕುದು ಸಿಗುತ್ತದೆ ಎನ್ನುವ ಕಥೆ ಅವನ ಪಾಲಿಗೆ ಮುಗಿದುಹೋಗಿತ್ತು. ಉಳಿದದ್ದು ಕೃಪೆ ಒಂದೇ, ದುಡಿಯದಿದ್ದರೂ ಸಿಗುವಂಥದ್ದು. ಅದನ್ನೂ ಗರಿಯ ಲೆಕ್ಕಕ್ಕೆ ಇಳಿಸಿದರೆ ಅವನು ಎಲ್ಲಿಗೆ ಹೋಗಬೇಕು? ಆದರೆ ಆಗ ನಾನು ಕಂಡದ್ದು, ಅಪ್ಪ ಎದ್ದು ಬಿಳಿ ಹಾಳೆ ಹುಡುಕಿದ್ದು ಮಾತ್ರ. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಅವಳಿಗೆ ಹೇಳೋಣವೇ ಎಂದು ನಾನೂ ಕೇಳಲಿಲ್ಲ, ಅಪ್ಪನೂ ಯೋಚಿಸಲಿಲ್ಲ. ಒಬ್ಬ ಸಹೋದರ ಇನ್ನೊಬ್ಬ ಸಹೋದರನಿಗೆ ಕಾರ್ಡು ಬರೆದಂತೆ ಇದೂ ಒಂದು, ಅಷ್ಟೇ. ಎರಡು ದಿನ ಕೂತು ಏಳು ಅಂಶ ಬರೆದ. ನಾನು ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಶಾಲೆಯ ರಜಾ ಅರ್ಜಿಯ ಇಂಗ್ಲಿಷಿನಲ್ಲಿ ಅದನ್ನು ಇಳಿಸಿದೆ. ಕೊನೆಗೆ ನಮ್ಮ ಮನೆಯ ವಿಳಾಸ. ಪೋಸ್ಟಾಫೀಸಿನಲ್ಲಿ ವಿದೇಶದ ಅಂಚೆಚೀಟಿ ನಾನೇ ನಾಲಿಗೆಗೆ ಹಚ್ಚಿ ಅಂಟಿಸಿದೆ. ವಾಪಸು ಬರುವಾಗ ಅಪ್ಪ ನನಗೆ ಮಿರ್ಚಿ ಭಜ್ಜಿ ಕೊಡಿಸಿದ.

ಐದಾರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಶುಕ್ರವಾರ ಅಕ್ಕ ಮಧ್ಯಾಹ್ನವೇ ಮನೆಗೆ ಬಂದಳು, ಸುಮೋದಲ್ಲಲ್ಲ, ಬಸ್ಸಿನಲ್ಲಿ. ಚಪ್ಪಲಿ ಬಿಡದೆ ಒಳಗೆ ಬಂದು ನಿಂತಳು. ಆ ಕಂಪನಿಯವರು ಅಪ್ಪನ ಪತ್ರ ಓದಿದ್ದರು. ಓದಿ ಕಸದ ಬುಟ್ಟಿಗೆ ಹಾಕಲಿಲ್ಲ, ಅದೇ ಕೆಟ್ಟದ್ದಾಯಿತು. ಭಾರತದ ಒಬ್ಬ ಪಂಡಿತರು ನಮ್ಮ ಕಣ್ಣು ತೆರೆಸಿದ್ದಾರೆ, ಗರಿಯ ಕಥೆ ಸರಿಯಲ್ಲವೆಂದು ನಮ್ಮ ಹಿರಿಯರಿಗೂ ಅನಿಸಿದೆ, ಮುಗಿದಿರುವ ಮೂರು ಕಂತುಗಳನ್ನು ತಡೆಹಿಡಿಯಿರಿ, ಬಹುಶಃ ಮೊದಲಿನಿಂದ ಬರೆಯಬೇಕಾದೀತು ಎಂದು ಸ್ಟುಡಿಯೋಗೆ ಫ್ಯಾಕ್ಸು ಕಳಿಸಿದ್ದರು. ಜೊತೆಗೆ ಅಪ್ಪನ ಪತ್ರದ ನಕಲು, ಅದರ ಕೆಳಗೆ ಉಪ್ಪಲ್‌ನ ವಿಳಾಸ. ಯಾರ ಮನೆಯೆಂದು ಹುಡುಕುವುದು ಮ್ಯಾನೇಜರಿಗೆ ಕಷ್ಟವಾಗಲಿಲ್ಲ. ಅಕ್ಕನ ಜೊತೆ ಕೂತು ಬರೆಯುತ್ತಿದ್ದ ಹದಿನೈದು ಹುಡುಗ ಹುಡುಗಿಯರು ಆ ಮೂರು ಕಂತುಗಳಿಗೆ ರಜೆಯಿಲ್ಲದೆ ದುಡಿದಿದ್ದರು. ಅವರೆಲ್ಲರ ಎದುರು ಅವಳನ್ನು ನಿಲ್ಲಿಸಿ ಕೇಳಿದರಂತೆ.

"ಪಂಡಿತರಂತ ನೀವು," ಎಂದಳು ಅಕ್ಕ. ಅಪ್ಪನಿಗೆ ಎಂದೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ. "ನಾ ನಿಮಗ ಏನು ಮಾಡಿದ್ನೆಪ್ಪಾ?"

"ಅವರು ಒಪ್ಪಿಕೊಂಡಾರಲ್ಲವಾ, ತಪ್ಪು ಐತಿ ಅಂತ."

"ಒಪ್ಪಿಕೊಂಡಾರ. ನನ್ನ ಕೆಲಸ ಹೋತು. ಸೋಮವಾರದೊಳಗ ನೀವು ಇನ್ನೊಂದು ಪತ್ರ ಬರೀಬೇಕಂತ. ಹಿಂದ ಬರದಿದ್ದು ತಪ್ಪಾತು ಅಂತ. ಅದನ್ನ ಮ್ಯಾನೇಜರ್ ಫ್ಯಾಕ್ಸ್ ಮಾಡ್ತಾನಂತ. ಇಲ್ಲಾಂದ್ರ ಸೋಮವಾರ ಬರಬ್ಯಾಡ ಅಂದಾನ."

ಅವ್ವ ಒಲೆ ಆರಿಸಿ ಬಂದಳು. ಅವಳು ಅಪ್ಪನಿಗೆ ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ನನ್ನ ಕಡೆ ನೋಡಿದಳು. ಪತ್ರದ ಇಂಗ್ಲಿಷ್ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ಶನಿವಾರ ನಮ್ಮ ಮನೆಯಲ್ಲಿ ಯಾರೂ ಟೀವಿ ಹಚ್ಚಲಿಲ್ಲ. ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಪ್ಪ ವರಾಂಡದಲ್ಲಿ ಕೂತ. ಎರಡು ಸಲ ಎದ್ದು ಬಾಗಿಲವರೆಗೆ ಬಂದು, ಅಕ್ಕನ ಬೆನ್ನು ನೋಡಿ, ಹಿಂದಕ್ಕೆ ಹೋದ. ಅವ್ವ ಅವನ ಪಕ್ಕ ಕೂತು ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು.

"ಬರದು ಬಿಡ್ರಿ. ರೆಕ್ಕಿ ಇದ್ರೇನು, ಇಲ್ಲದಿದ್ರೇನು? ದೇವರಿಗೆ ಗೊತ್ತಿಲ್ಲೇನು ನಿಮ್ಮ ಮನಸು?"

"ಗೊತ್ತೈತಿ. ಅದಕ್ಕ ಬರ್ಯಾಕ ಬರವಲ್ದು."

ಭಾನುವಾರ ನಾವು ಸಭೆಗೆ ಹೋಗಲಿಲ್ಲ. ಅಪ್ಪನ ಪ್ರಸಂಗದ ಸರದಿ ಅವತ್ತೇ ಇತ್ತು. ನನಗೆ ನೆನಪಿದ್ದ ಮಟ್ಟಿಗೆ ಅವನು ತಪ್ಪಿಸಿದ್ದು ಅದೊಂದೇ. ಮಧ್ಯಾಹ್ನ ನನ್ನನ್ನು ಕರೆದು ಒಂದು ಹಾಳೆ ಕೊಟ್ಟ. ನಾಲ್ಕೈದು ಸಾಲು, ಅವನ ಗುಂಡಗಿನ ಅಕ್ಷರದಲ್ಲಿ. ಅದು ನನಗೆ ಇವತ್ತಿಗೂ ಬಾಯಿಪಾಠ. ನನ್ನ ಮಗಳದು ಏನೂ ತಪ್ಪಿಲ್ಲ, ಹಾಳೆ ನೋಡಿ ಬರೆದವನು ನಾನು. ಬರೆದದ್ದು ಸತ್ಯ, ಅದನ್ನು ನಾನು ಅಳಿಸಲಾರೆ. ಆದರೆ ಸತ್ಯವನ್ನು ಹೇಳುವುದಷ್ಟೇ ನನ್ನ ಪಾಲು, ಒಪ್ಪಿಸುವುದು ನನ್ನ ಪಾಲಲ್ಲ. ನಿಮ್ಮ ಚಿತ್ರವನ್ನು ನಿಮ್ಮ ಮನಸ್ಸಿಗೆ ಬಂದಂತೆ ಮಾಡಿಕೊಳ್ಳಿರಿ, ನನ್ನ ಮಗಳ ಅನ್ನವನ್ನು ಮಾತ್ರ ಕಿತ್ತುಕೊಳ್ಳಬೇಡಿರಿ. ಇಷ್ಟೇ. ಅಪ್ಪನಿಗೆ ಬಗ್ಗಲು ಬರುವಷ್ಟು ಬಗ್ಗಿದ್ದ. ಯಾರ ಮುಂದೂ ಕೈಚಾಚದ ಮನುಷ್ಯ ಕೊನೆಯ ಸಾಲು ಹೇಗೆ ಬರೆದನೋ.

ನಾನು ಹಾಳೆ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಮಲಗಿದ್ದಳು. ಅವಳ ಬೆನ್ನ ಹಿಂದೆ, ಹಿಟ್ಟಿನ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯಲು ಕೂತೆ. ಮೊದಲ ಸಾಲು ಇದ್ದಂತೆಯೇ ಬರೆದೆ. ಎರಡನೆಯ ಸಾಲಿಗೆ ಬಂದು ನಿಂತೆ. ಬರೆದದ್ದು ಸತ್ಯ ಎಂದರೆ ಮ್ಯಾನೇಜರು ಇದನ್ನು ಫ್ಯಾಕ್ಸು ಮಾಡುವುದಿಲ್ಲ, ಅಕ್ಕನನ್ನು ಒಳಗೆ ಬಿಡುವುದಿಲ್ಲ ಎಂದು ಹದಿಮೂರು ವರ್ಷದ ನನಗೂ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದನೋ. ನಾನು ಬೇರೆ ಬರೆದೆ. ನಾನೊಬ್ಬ ಕಾರ್ಖಾನೆಯ ಕೂಲಿ, ಪಂಡಿತನಲ್ಲ, ಹೆಚ್ಚು ಓದಿದವನಲ್ಲ ಎಂದು ಬರೆದೆ. ದೇವದೂತರ ಬಗ್ಗೆ ನಾನು ಹೇಳಿದ್ದೆಲ್ಲ ತಪ್ಪು, ಸರಿಯಾಗಿ ಓದದೆ ಬರೆದೆ, ರೆಕ್ಕೆ ಇರಲಿ, ಗರಿಯೂ ಇರಲಿ, ಮಕ್ಕಳಿಗೆ ಇಷ್ಟವಾಗುತ್ತದೆ, ದಯಮಾಡಿ ಕ್ಷಮಿಸಿ ಎಂದು ಬರೆದೆ. ಒಂದು ಶಬ್ದವನ್ನೂ ಹೊಡೆದುಹಾಕಲಿಲ್ಲ. ಆ ದಿನ ನನ್ನ ಇಂಗ್ಲಿಷ್ ಬಹಳ ಸರಾಗವಾಗಿ ಬಂತು, ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಅಪ್ಪ ಕನ್ನಡಕ ಹಾಕಿಕೊಂಡು ಆ ಇಂಗ್ಲಿಷ್ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಮಷೀನಿನ ಮೇಲೆ ಬರೆದಿರುವ ನಾಲ್ಕು ಶಬ್ದ ಬಿಟ್ಟರೆ.

"ಬರೆದದ್ದು ಸತ್ಯ ಅನ್ನೋದು ಬಂದೈತೇನು?"

"ಬಂದೈತೆಪ್ಪಾ."

"ಎಲ್ಲಿ ಐತಿ, ತೋರಿಸು."

ನಾನು ಬೆರಳಿಟ್ಟು ಒಂದು ಸಾಲು ತೋರಿಸಿದೆ. ಅಪ್ಪ ಆ ಸಾಲನ್ನು ಸ್ವಲ್ಪ ಹೊತ್ತು ನೋಡಿದ, ತಲೆಯಾಡಿಸಿದ. ಆಮೇಲೆ ಕೆಳಗೆ ಕನ್ನಡದಲ್ಲಿ, ಕೊಂಬು ದೀರ್ಘ ಒಂದೂ ಬಿಡದೆ, ನಿಧಾನವಾಗಿ ತನ್ನ ಸಹಿ ಹಾಕಿದ. ಹಾಳೆಯನ್ನು ಮಡಚಿ ಅಕ್ಕನ ಬ್ಯಾಗಿನಲ್ಲಿ ತಾನೇ ಇಟ್ಟ.

ಸೋಮವಾರ ಅಕ್ಕ ಅದನ್ನು ಬಿಡಿಸಿ ನೋಡದೆ ತೆಗೆದುಕೊಂಡು ಹೋದಳು. ಸಂಜೆ ಬಿಳಿ ಸುಮೋದಲ್ಲಿ ಬಂದಳು. ಕೆಲಸ ಉಳಿಯಿತು ಎಂದು ಒಂದೇ ಮಾತಿನಲ್ಲಿ ಹೇಳಿ ಕೈಕಾಲು ತೊಳೆಯಲು ಹೋದಳು. ವಾರ ಕಳೆದ ಮೇಲೆ, ಆ ಮುದುಕರ ನಮ್ರತೆ ನಮ್ಮ ಮನಸ್ಸು ಮುಟ್ಟಿತು, ಕಥೆ ಇದ್ದಂತೆಯೇ ಇರಲಿ ಎಂದು ಕಂಪನಿಯವರ ಉತ್ತರ ಬಂದಿತೆಂದೂ ಹೇಳಿದಳು. ಅಪ್ಪ ಮುದುಕನಾಗಿರಲಿಲ್ಲ, ನನ್ನ ಇಂಗ್ಲಿಷ್ ಅವನನ್ನು ಮುದುಕನನ್ನಾಗಿ ಮಾಡಿತ್ತು. ಮೂರು ಕಂತು ಉಳಿದವು, ಮುಂದಿನವೂ ಆದವು. ಹುಡುಗ ಗರಿ ಗಳಿಸಿದ, ಅಕ್ಕ ಆ ರೆಕ್ಕೆಗಳನ್ನು ಬರೆದಳು. ಕಥೆಯ ಬಗ್ಗೆ ಮನೆಯಲ್ಲಿ ಮಾತ್ರ ಮತ್ತೆ ಬಾಯಿ ಬಿಡಲಿಲ್ಲ, ಕೆಟ್ಟ ಹಾಳೆ ಒಂದನ್ನೂ ಮನೆಗೆ ತರಲಿಲ್ಲ. ನಾನು ಅಂಗಡಿಯಿಂದ ರಫ್ ನೋಟುಬುಕ್ಕು ತಂದುಕೊಂಡೆ.

ಆದರೆ ಅಪ್ಪ ಬದಲಾದ. ನಾನು ಎಣಿಸದೆ ಇದ್ದದ್ದು ಇದೇ. ಅವನಿಗೆ ಇದೊಂದು ಅದ್ಭುತವಾಗಿ ಕಂಡಿತು. ಸತ್ಯವನ್ನೂ ಬಿಡಲಿಲ್ಲ, ಮಗಳ ಕೆಲಸವೂ ಹೋಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಮೊದಲ ಬಾರಿ ಅವನ ಬೆನ್ನು ನೆಟ್ಟಗಾಯಿತು. ಜನರಿಗೆ ಕಾರ್ಡು ಬರೆಯುವುದು ಕಡಿಮೆಯಾಯಿತು, ಅವ್ವನ ಧಾರಾವಾಹಿಗೆ ಬೆನ್ನು ಹಾಕಿ ಕೂರುವುದನ್ನೂ ಬಿಟ್ಟ. ಮಧ್ಯಾಹ್ನದ ಸಭೆಯಲ್ಲಿ ವರ್ಷಕ್ಕೊಮ್ಮೆ ಕೃತಜ್ಞತೆಯ ಆರಾಧನೆ ಇರುತ್ತಿತ್ತು; ದೇವರು ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದುನಿಂತು ಸಾಕ್ಷಿ ಹೇಳಬೇಕು. ಅಪ್ಪ ಅಲ್ಲಿ ಈ ಕಥೆ ಹೇಳಿದ. ಮುಂದಿನ ವರ್ಷವೂ ಹೇಳಿದ, ಹೇಳು ಹೇಳು ಎಂದು ಜನರೇ ಕೇಳಿದರು. ತೂಕಡಿಸುವವರು ಎಚ್ಚರಾಗಿ ಕೇಳುತ್ತಿದ್ದರು. ನಾನು ಬೆಂಚಿನ ತುದಿಯಲ್ಲಿ ಕೂತು ಕಾಲಿನ ಬೆರಳು ನೋಡಿಕೊಳ್ಳುತ್ತಿದ್ದೆ. ಎದ್ದು ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಳಿದರೆ ಆ ಬೆನ್ನು ಮತ್ತೆ ಬಾಗುತ್ತದೆ ಎಂದು ಹೆದರಿಕೆ. ಹೇಳದಿದ್ದರೆ ಅಪ್ಪ ದೇವರ ಮನೆಯಲ್ಲಿ ನಿಂತು ನನ್ನ ಸುಳ್ಳನ್ನು ಸಾಕ್ಷಿ ಹೇಳುತ್ತಿದ್ದಾನೆ. ಸುಳ್ಳಿನ ಎಣಿಕೆಯಲ್ಲಿ ಟೀವಿಯ ದೇವದೂತೆ ನನಗಿಂತ ಎಷ್ಟೋ ವಾಸಿ. ಅವಳು ಯಾರ ಸಹಿಯನ್ನೂ ಹಾಕಿಸಿಕೊಂಡಿರಲಿಲ್ಲ.

ಮೂರನೆಯ ವರ್ಷ. ಅಕ್ಕನ ಮದುವೆ ಗೊತ್ತಾಗಿತ್ತು, ಮುಂದಿನ ತಿಂಗಳು ಅವಳು ಸಿಕಂದರಾಬಾದಿಗೆ ಹೋಗುವವಳಿದ್ದಳು. ಅವತ್ತು ನಾನೂ ಅವಳೂ ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಕೂತಿದ್ದೆವು, ಅವ್ವ ಮುಂದಿನ ಬೆಂಚಿನಲ್ಲಿದ್ದಳು. ಫ್ಯಾನು ಕಿರುಗುಟ್ಟುತ್ತಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎದ್ದುನಿಂತು, ಹದಿನೈದು ಮಕ್ಕಳು, ಮ್ಯಾನೇಜರು, ಶುಕ್ರವಾರ, ಸೋಮವಾರ ಎಲ್ಲ ಹೇಳಿದ. ನಾನು ತಲೆ ತಗ್ಗಿಸಿದೆ. ಆಗ ಅಕ್ಕ ನನ್ನ ಕಡೆ ವಾಲಿ, ಮುಂದೆ ನೋಡುತ್ತಲೇ, ಮೆಲ್ಲಗೆ ಹೇಳಿದಳು.

"ಆ ಪತ್ರ ನಮ್ಮ ಆಫೀಸಿನ ಗ್ವಾಡಿಗೆ ಹಚ್ಚಿದ್ರು. ಎರಡು ವಾರ ಇತ್ತು. ಬಾಜೂಕ ಕೂಡೋ ಹುಡುಗಿ ನನಗ ತೆಲುಗಿನ್ಯಾಗ ಓದಿ ಹೇಳಿದ್ಲು, ಎಲ್ಲಾರೂ ನಗಾಕತ್ತಿದ್ರು."

"ನಿನಗ ಅವತ್ತಿಂದ ಗೊತ್ತಿತ್ತೇನಕ್ಕಾ?"

"ಅಪ್ಪಗ ಹಂಗ ಬರ್ಯಾಕ ಬರ್ತೈತೇನು? ಓದಿ ಹೇಳಿದ ಕೂಡಲೇ ಗೊತ್ತಾತು, ಯಾರ ಕೆಲಸ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅದರ ಕೆಳಗ ಕೂತ ಎರಡು ವಾರ ರೆಕ್ಕಿ ಬರದೀನಿ. ಸುಮ್ನ ಕೂಡು."

ಅಷ್ಟರಲ್ಲಿ ಅಪ್ಪ ಕೊನೆಗೆ ಬಂದಿದ್ದ. ಎರಡೂ ಕೈ ಮುಂದಿನ ಬೆಂಚಿನ ಮೇಲಿಟ್ಟು, ಸಭೆಯನ್ನೆಲ್ಲ ಒಮ್ಮೆ ನೋಡಿ, "ಒಂದ್ ಅಕ್ಷರ ಸುಳ್ಳು ಬರೀಲಿಲ್ರಿ ನಾನು. ಒಂದ್ ಅಕ್ಷರ. ಆದ್ರೂ ದೇವರು ನನ್ನ ಮಗಳ ಕೈ ಬಿಡಲಿಲ್ಲ," ಅಂದ. ಅವನ ಕಣ್ಣು ತುಂಬಿದ್ದವು. ಮುಂದಿನ ಬೆಂಚುಗಳಿಂದ "ಆಮೆನ್" ಎಂದು ಕೇಳಿಸಿತು. ನನ್ನ ಪಕ್ಕದಲ್ಲಿ ಅಕ್ಕ ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಅಂದಳು. ಅಪ್ಪ ದನಿ ಗುರುತು ಹಿಡಿದು ನಮ್ಮ ಬೆಂಚಿನ ಕಡೆ ತಿರುಗಿದ. ಅಕ್ಕ ನನ್ನ ಮುಂಗೈ ಹಿಡಿದಳು. ದಿನವೆಲ್ಲ ಪೆನ್ಸಿಲು ಹಿಡಿದು ಗಟ್ಟಿಯಾದ ಬೆರಳುಗಳು, ನೋಯುವಂತೆ ಹಿಡಿದಳು.

"ನೀನೂ ಅನ್ನು," ಅಂದಳು. "ನಿನ್ನ ಕಡೇನ ನೋಡಾಕತ್ತಾನ."

ನಾನೂ ಅಂದೆ.